ಕಾವೇರಿ ನೀರಿನಲ್ಲಿ ಕಡಲ ಮೀನು ಸಾಕಬಹುದೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ಗಿಡಗಳದ್ದೇ ಮೇಲುಗೈ. ಈ ಸಲ ಮಾತ್ರ ಮೈಸೂರು, ಮಂಡ್ಯ ಕಡೆಯ ಐವರು ಓದುಗರು ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಬರೆದಿದ್ದಾರೆ. ನಾನೂ ಮೈಸೂರಿನ ಮನೆಯ ಪಡಸಾಲೆಯಲ್ಲಿ ಅಂಥದೊಂದು ಸಣ್ಣ ತೊಟ್ಟಿಯನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡವನಾದ್ದರಿಂದ, ಐದಕ್ಕೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಏಳೆಂಟು ವರ್ಷಗಳಿಂದ ಗೋಲ್ಡ್ ಫಿಶ್, ಗಪ್ಪಿ ಸಾಕುತ್ತಿದ್ದೇನೆ. ಮನೆಯಲ್ಲಿ ಎರಡಡಿ ಉದ್ದದ ಹಳೆಯ ತೊಟ್ಟಿಯೊಂದು ಖಾಲಿ ಬಿದ್ದಿದೆ. ಅದರಲ್ಲಿ ಉಪ್ಪುನೀರಿನ ಮೀನು ಸಾಕುವ ಆಸೆ. ಅಂಗಡಿಯವರು, ‘ಉಪ್ಪು ಬೆರೆಸಿ ಇಡಿ, ಒಂದು ವಾರ ಬಿಟ್ಟು ಬಂದು ಮೀನು ತೆಗೆದುಕೊಂಡು ಹೋಗಿ’ ಎನ್ನುತ್ತಾರೆ. ಇದು ಸರಿಯೇ? ಆರಂಭಿಸುವುದು ಹೇಗೆ?
— ಬ್ಯಾಂಕ್ ನೌಕರರು, ಕುವೆಂಪುನಗರ, ಮೈಸೂರು

ಉತ್ತರ: ಒಂದು ವಾರ ಸಾಲದು. ಐದಾರು ವಾರ ಬೇಕು, ಕೆಲವೊಮ್ಮೆ ಎಂಟು ವಾರವೂ ಆದೀತು. ಆ ಅವಧಿಯಲ್ಲಿ ತೊಟ್ಟಿಯಲ್ಲಿ ಒಂದು ಮೀನೂ ಇರಬಾರದು. ಉಪ್ಪುನೀರಿನ ಹವ್ಯಾಸದಲ್ಲಿ ಮೊದಲು ಸಾಕಬೇಕಾದದ್ದು ನೀರನ್ನು. ಮೀನು ಆಮೇಲಿನ ಮಾತು.

ಕಾರಣವಿಷ್ಟೆ. ಮೀನಿನ ಉಸಿರಾಟ, ಮಲ, ಉಳಿದ ಆಹಾರ ಎಲ್ಲವೂ ನೀರಿಗೆ ಅಮೋನಿಯ ಸೇರಿಸುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಮತ್ತೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಗಪ್ಪಿಯ ತೊಟ್ಟಿಯಲ್ಲಿಯೂ ನಡೆಯುವುದು ಇದೇ. ಆದರೆ ಕಡಲ ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ) 8.1ರಿಂದ 8.4ರಷ್ಟಿರುತ್ತದೆ, ಮತ್ತು ಪಿಎಚ್ ಏರಿದಷ್ಟೂ ಅಮೋನಿಯದಲ್ಲಿ ವಿಷಕಾರಿಯಾದ ಪಾಲು ಹೆಚ್ಚುತ್ತದೆ. ನಿಮ್ಮ ಗೋಲ್ಡ್ ಫಿಶ್ ಹೇಗೋ ತಾಳಿಕೊಂಡ ಪ್ರಮಾಣ ಕಡಲ ಮೀನಿನ ಕಿವಿರನ್ನು ಸುಟ್ಟುಬಿಡಬಹುದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಹೆಚ್ಚಾಗಿ ಕಲ್ಲಿನ ಸಣ್ಣ ರಂಧ್ರಗಳಲ್ಲಿ, ಮರಳಿನ ಕಣಗಳ ಮೇಲೆ ಅಂಟಿಕೊಂಡು ಬದುಕುತ್ತವೆ, ಮತ್ತು ಬಹಳ ನಿಧಾನವಾಗಿ ವೃದ್ಧಿಯಾಗುತ್ತವೆ. ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾದ ಬಾಟಲಿಯಿಂದ ಈ ಕೆಲಸ ಸ್ವಲ್ಪ ಬೇಗ ಆಗಬಹುದು. ಅದನ್ನು ನಂಬಿಕೊಂಡು ಪರೀಕ್ಷೆ ಮಾಡದೇ ಇರುವುದು ಸರಿಯಲ್ಲ.

ಮೊದಲು ನಿಮ್ಮ ಹಳೆಯ ತೊಟ್ಟಿಯ ಬಗ್ಗೆ ಒಂದು ಎಚ್ಚರಿಕೆ. ಗೋಲ್ಡ್ ಫಿಶ್‌ಗೆ ಬಿಳಿ ಚುಕ್ಕೆ ರೋಗ ಬಂದಾಗ ಎಂದಾದರೂ ತಾಮ್ರವಿರುವ ಔಷಧ ಹಾಕಿದ್ದರೆ, ಆ ತೊಟ್ಟಿಯನ್ನು ಈ ಕೆಲಸಕ್ಕೆ ಬಳಸಬೇಡಿ. ಗಾಜಿನ ಅಂಚಿನ ಸಿಲಿಕೋನ್ ಮತ್ತು ಹಳೆಯ ಜಲ್ಲಿ ತಾಮ್ರವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತವೆ. ಮೀನು ಅದನ್ನು ತಡೆದುಕೊಂಡರೂ ಬಸವನಹುಳು, ಸಿಗಡಿಗಳು ಉಳಿಯುವುದಿಲ್ಲ.

ಅಂಥ ತೊಂದರೆ ಇಲ್ಲದಿದ್ದರೆ ಅಳತೆ ಸಾಕು. ಎರಡಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಗೆ ಸುಮಾರು 88 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು ಹಾಕಿ ಮೇಲೆ ಎರಡು ಬೆರಳು ಜಾಗ ಬಿಟ್ಟರೆ 70 ಲೀಟರ್ ನೀರು ನಿಲ್ಲುತ್ತದೆ. ಇದಕ್ಕಿಂತ ಚಿಕ್ಕದು ಸುಲಭವೆಂದು ಅನೇಕರು ಭಾವಿಸುತ್ತಾರೆ, ವಾಸ್ತವ ತಿರುವುಮುರುವು. ನೀರು ಕಡಿಮೆಯಾದಷ್ಟೂ ತಪ್ಪಿನ ಪರಿಣಾಮ ಬೇಗ ಕಾಣುತ್ತದೆ. ಎಲ್ಲ ಸೇರಿ ತೂಕ ನೂರು ಕಿಲೋ ಮೀರುವುದರಿಂದ ಹಳೆಯ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ ಬೇಡ.

ಈಗ ನೀರು. ಮೈಸೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಕುಡಿಯಲು ಒಳ್ಳೆಯದೇ, ಗಪ್ಪಿಗೂ ಒಳ್ಳೆಯದೇ. ಒಂದು ದಿನ ಬಕೆಟ್ಟಿನಲ್ಲಿಟ್ಟು ಕ್ಲೋರಿನ್ ಹೋಗಲು ಬಿಡುವ ಪದ್ಧತಿ ನಿಮಗೆ ಗೊತ್ತಿದೆ. ಆದರೆ ನೀರಿನಲ್ಲಿ ಕರಗಿರುವ ಸಿಲಿಕೇಟ್, ಫಾಸ್ಫೇಟ್, ಕೊಳವೆಯ ಲೋಹದ ಅಂಶ ಹಾಗೆ ಇಟ್ಟರೆ ಹೋಗುವುದಿಲ್ಲ. ಉಪ್ಪುನೀರಿನ ತೊಟ್ಟಿಯಲ್ಲಿ ಅವು ಪಾಚಿಗೆ ಗೊಬ್ಬರವಾಗುತ್ತವೆ. ಆದ್ದರಿಂದ ಆರ್‌ಒ ನೀರು ಬೇಕು. ಇಲ್ಲಿಯೂ ಒಂದು ತೊಡಕಿದೆ. ಅಡುಗೆಮನೆಯ ಅನೇಕ ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಖನಿಜವನ್ನು ಮತ್ತೆ ಸೇರಿಸುವ ಅಥವಾ ಶುದ್ಧವಾಗದ ನೀರನ್ನು ಸ್ವಲ್ಪ ಬೆರೆಸುವ ವ್ಯವಸ್ಥೆ ಇರುತ್ತದೆ. ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿ: ಐವತ್ತು, ಅರವತ್ತು ತೋರಿಸಿದರೆ, ಆ ವ್ಯವಸ್ಥೆಗಿಂತ ಮುಂಚೆಯೇ, ಮೆಂಬ್ರೇನಿನಿಂದ ಬರುವ ನೀರನ್ನು ಬೇರೆ ಕೊಳವೆಯಲ್ಲಿ ತೆಗೆದುಕೊಳ್ಳಲು ಮೆಕ್ಯಾನಿಕ್‌ಗೆ ಹೇಳಿ. ಅದರ ಮುಂದೆ, ಉಳಿದ ಲವಣವನ್ನು ಹೀರಿಕೊಳ್ಳುವ ಒಂದು ಡಿಐ ರಾಳದ ಕಾರ್ಟ್ರಿಜ್ ಸೇರಿಸಿದರೆ ಮೀಟರ್ ಸೊನ್ನೆಗೆ ಬರುತ್ತದೆ. ನಮಗೆ ಬೇಕಾದದ್ದು ಆ ಸೊನ್ನೆ.

ಉಪ್ಪನ್ನು ತೊಟ್ಟಿಯಲ್ಲಿ ಮೀನಿರುವಾಗ ನೇರವಾಗಿ ಎಂದೂ ಸುರಿಯಬಾರದು. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ, ಸಣ್ಣ ಪಂಪು ಹಾಕಿ ತಿರುಗುತ್ತಿರುವಾಗ ಅಕ್ವೇರಿಯಂಗೆಂದೇ ಮಾರುವ ಕಡಲ ಉಪ್ಪನ್ನು ಲೀಟರಿಗೆ ಸುಮಾರು 36 ಗ್ರಾಂನಂತೆ ಸ್ವಲ್ಪ ಸ್ವಲ್ಪವೇ ಸೇರಿಸಿ. ನೀರಿಗೆ ಉಪ್ಪು, ಉಪ್ಪಿಗೆ ನೀರಲ್ಲ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಮರುದಿನ ನೀರು ತಿಳಿಯಾದ ಮೇಲೆ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ, ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಕೂಡುವ ಗೆರೆ ಸಾವಿರಕ್ಕೆ 35ರ ಹತ್ತಿರ, ಸಾಪೇಕ್ಷ ಸಾಂದ್ರತೆಯಲ್ಲಿ ಹೇಳುವುದಾದರೆ 1.025ರ ಆಸುಪಾಸಿನಲ್ಲಿ ಇರಬೇಕು. ಮುಳ್ಳು ತೇಲುವ ಅಗ್ಗದ ಹೈಡ್ರೋಮೀಟರಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೂ ಲೆಕ್ಕ ತಪ್ಪುತ್ತದೆ. ಈ ಒಂದು ಸಾಧನಕ್ಕೆ ಜಿಪುಣತನ ಮಾಡಬೇಡಿ.

ತೊಟ್ಟಿಯ ಒಳಗೆ ಎಂಟರಿಂದ ಹತ್ತು ಕಿಲೋ ರಂಧ್ರಗಳಿರುವ ಒಣ ಕಲ್ಲು, ಒಂದಂಗುಲ ದಪ್ಪ ಅರಗೊನೈಟ್ (ಸುಣ್ಣದಂಶದ) ಮರಳು, ನೀರು ಸುತ್ತಿಸುವ ಪಂಪು, ಸಾಧಾರಣವಾದ ಒಂದು ಫಿಲ್ಟರ್, ಥರ್ಮಾಮೀಟರ್ ಇಷ್ಟಿದ್ದರೆ ಸಾಕು. ಕಲ್ಲನ್ನು ಮೊದಲು ತಳದ ಗಾಜಿನ ಮೇಲೆಯೇ ಭದ್ರವಾಗಿ ಕೂರಿಸಿ ಆಮೇಲೆ ಮರಳು ಹರಡಬೇಕು. ಮರಳು ತೋಡುವ ಮೀನು ಬಂದಾಗ ಕಲ್ಲು ಜಾರಿ ಗಾಜು ಒಡೆದದ್ದುಂಟು.

ಆಮೇಲೆ ಆರಂಭವಾಗುವುದು ಕಾಯುವ ಕೆಲಸ. ಮಾರುಕಟ್ಟೆಯಿಂದ ತಂದ ಹೆಬ್ಬೆರಳಿನಷ್ಟು ಹಸಿ ಸಿಗಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ತೊಟ್ಟಿಯಲ್ಲಿ ಬಿಡಿ. ಅದು ಕೊಳೆತು ಅಮೋನಿಯ ಕೊಡುತ್ತದೆ; ನಾಲ್ಕಾರು ದಿನ ಮನೆಯವರ ಮುಖ ಸಿಂಡರಿಸುವಷ್ಟು ವಾಸನೆಯನ್ನೂ ಕೊಡುತ್ತದೆ. ಅದು ಬೇಡವೆನ್ನುವವರು ಶುದ್ಧ ಅಮೋನಿಯಂ ಕ್ಲೋರೈಡನ್ನು ಬಳಸಬಹುದು. ಎರಡು ಮೂರು ದಿನಗಳಿಗೊಮ್ಮೆ ಹನಿ ಪರೀಕ್ಷೆಯ ಕಿಟ್‌ನಿಂದ ಅಮೋನಿಯ, ನೈಟ್ರೈಟ್, ನೈಟ್ರೇಟ್ ಮೂರನ್ನೂ ನೋಡಿ ಪುಸ್ತಕದಲ್ಲಿ ಬರೆದಿಡಿ. ಮೊದಲು ಅಮೋನಿಯ ಏರಿ ಇಳಿಯುತ್ತದೆ, ಅದರ ಹಿಂದೆಯೇ ನೈಟ್ರೈಟ್ ಏರಿ ಬಹಳ ದಿನ ಜಗ್ಗದೆ ನಿಂತು, ಆಮೇಲೆ ಇಳಿಯುತ್ತದೆ. ಹೊಸದಾಗಿ ಅಮೋನಿಯ ಹಾಕಿ 24 ಗಂಟೆಗಳಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಸೊನ್ನೆಯಾದ ದಿನ ತೊಟ್ಟಿ ಸಿದ್ಧವಾಯಿತು. ಆಗ ಅರ್ಧದಷ್ಟು ನೀರು ಬದಲಿಸಿ ಅಂಗಡಿಗೆ ಹೋಗಿ.

ಪ್ರಶ್ನೆ: ಅಕ್ವೇರಿಯಂ ಉಪ್ಪು ದುಬಾರಿ. ಮಂಗಳೂರಿಗೆ ಹೋದಾಗ ಕ್ಯಾನಿನಲ್ಲಿ ಸಮುದ್ರದ ನೀರನ್ನೇ ತರಬಹುದಲ್ಲವೇ? ಇಲ್ಲವೇ ಕಲ್ಲುಪ್ಪನ್ನು ಕರಗಿಸಿದರೆ ಆಗದೇ? ಅದೂ ಸಮುದ್ರದ ಉಪ್ಪೇ ತಾನೆ?
— ಪ್ರೌಢಶಾಲಾ ಶಿಕ್ಷಕಿ, ಮಂಡ್ಯ

ಉತ್ತರ: ಎರಡನೆಯ ಪ್ರಶ್ನೆ ಸೊಗಸಾಗಿದೆ, ಮತ್ತು ಅದರ ಉತ್ತರ ನಿಮ್ಮ ಊರಿನಲ್ಲಿಯೇ ಇದೆ. ಕಬ್ಬಿನ ಹಾಲು ಕುದಿದು ಸಕ್ಕರೆ ಹರಳುಗಟ್ಟಿದಾಗ ಹಾಲಿನಲ್ಲಿದ್ದ ಉಳಿದದ್ದೆಲ್ಲ ಕಾಕಂಬಿಯಲ್ಲಿ ನಿಂತುಬಿಡುತ್ತದೆಯಲ್ಲವೇ? ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನಾಗರಗಳಲ್ಲಿ ನಡೆಯುವುದೂ ಅದೇ. ಕಡಲ ನೀರು ಬಿಸಿಲಿಗೆ ಬತ್ತುತ್ತ ಬಂದಂತೆ ಕ್ಯಾಲ್ಸಿಯಂನ ಬಹುಪಾಲು ಸುಣ್ಣ, ಜಿಪ್ಸಂ ಆಗಿ ಮೊದಲೇ ತಳಕ್ಕೆ ಇಳಿಯುತ್ತದೆ, ನಂತರ ಸೋಡಿಯಂ ಕ್ಲೋರೈಡ್ ಹರಳಾಗುತ್ತದೆ, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕಹಿ ನೀರಿನಲ್ಲಿ ಉಳಿದು ಹೊರಹೋಗುತ್ತವೆ. ಕಡಲ ನೀರಿನಲ್ಲಿ ಕರಗಿರುವುದರಲ್ಲಿ ನೂರಕ್ಕೆ ಸುಮಾರು 85 ಭಾಗ ಸೋಡಿಯಂ ಮತ್ತು ಕ್ಲೋರೈಡ್ ಎಂಬುದು ನಿಜ. ಆದರೆ ಬಸವನಹುಳುವಿನ ಚಿಪ್ಪು, ಸಿಗಡಿಯ ಪೊರೆ, ನೀರಿನ ಪಿಎಚ್ ಅಲುಗದಂತೆ ನಿಲ್ಲಿಸುವ ಕ್ಷಾರ, ಇವೆಲ್ಲ ಉಳಿದ 15 ಭಾಗದಿಂದ ಬರುತ್ತವೆ. ಕಲ್ಲುಪ್ಪಿನ ನೀರು ರುಚಿಯಲ್ಲಿ ಮಾತ್ರ ಕಡಲು. ಪುಡಿ ಉಪ್ಪಿನಲ್ಲಿ ಅದರ ಜೊತೆಗೆ, ಗಂಟುಕಟ್ಟದಿರಲೆಂದು ಸೇರಿಸುವ ಪದಾರ್ಥವೂ ಇರುತ್ತದೆ.

ಮಂಗಳೂರಿನ ನೀರಿನ ವಿಚಾರ. ನೇತ್ರಾವತಿ ಮತ್ತು ಗುರುಪುರ ನದಿಗಳು ಅಲ್ಲಿಯೇ ಕಡಲು ಸೇರುವುದರಿಂದ ದಡದ ನೀರಿನ ಉಪ್ಪಿನಂಶ ಕಾಲಕ್ಕೊಂದು ರೀತಿ. ಮಳೆಗಾಲದಲ್ಲಂತೂ ಅದು ಅರ್ಧ ಸಿಹಿನೀರು, ಅರ್ಧ ಕೆಸರು. ಬಂದರಿನ ಹತ್ತಿರವಾದರೆ ದೋಣಿಯ ಡೀಸೆಲ್ ಸೇರಿರುತ್ತದೆ. ದಡದಿಂದ ದೂರ, ಆಳದಲ್ಲಿ ತೆಗೆದ ಶುದ್ಧ ನೀರೇ ಸಿಕ್ಕಿತೆಂದುಕೊಳ್ಳಿ. ಅದರಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಮುಚ್ಚಿದ ಕ್ಯಾನಿನಲ್ಲಿ, ಮಡಿಕೇರಿ ಘಟ್ಟ ಹತ್ತಿ ಇಳಿಯುವ ಏಳೆಂಟು ಗಂಟೆಯ ಬಿಸಿಲಿನಲ್ಲಿ ಸತ್ತು ಕೊಳೆಯತೊಡಗುತ್ತವೆ. ಪ್ರತಿ ವಾರ ಏಳೆಂಟು ಲೀಟರ್ ಬದಲಿಸಬೇಕಾದ ನೀರಿಗೆ ಇದು ನಡೆಯುವ ದಾರಿಯಲ್ಲ. ವಾರಕ್ಕೆ ಬೇಕಾಗುವ ಉಪ್ಪು ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮೀನಿನ ಸಂಖ್ಯೆ ಕಡಿಮೆ ಮಾಡಿ ಉಳಿಸಿ, ಉಪ್ಪಿನಲ್ಲಿ ಬೇಡ.

ಪ್ರಶ್ನೆ: ಮಗನಿಗೆ ನೀಮೋ ಮೀನು, ನೀಲಿ ಟ್ಯಾಂಗ್, ಸಮುದ್ರ ಕುದುರೆ, ಹವಳ, ಅನಿಮೋನ್ (ಹೂವಿನಂತೆ ಕಾಣುವ ಕಡಲ ಜೀವಿ) ಎಲ್ಲವೂ ಬೇಕು. 70 ಲೀಟರಿನ ತೊಟ್ಟಿಗೆ ಯಾವುದು ಹೊಂದುತ್ತದೆ?
— ಗೃಹಿಣಿ, ವಿಜಯನಗರ, ಮೈಸೂರು

ಉತ್ತರ: ಪಟ್ಟಿಯ ಮೊದಲನೆಯದು ಮಾತ್ರ. ಸಮುದ್ರ ಕುದುರೆಯ ಎಲ್ಲ ಜಾತಿಗಳನ್ನೂ, ದಿಬ್ಬ ಕಟ್ಟುವ ಹವಳಗಳನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ನಮ್ಮ ಕಡಲಿನಿಂದ ಅವನ್ನು ಹಿಡಿಯುವುದು, ಮಾರುವುದು ಅಪರಾಧ. ಹವಳದ ದಿಬ್ಬದಿಂದ ಒಡೆದು ತಂದ ‘ಜೀವಂತ ಕಲ್ಲು’ ಎಂದು ಯಾರಾದರೂ ತೋರಿಸಿದರೆ ಅದನ್ನೂ ಮುಟ್ಟಬೇಡಿ. ನಾನು ಮೇಲಿನ ಉತ್ತರದಲ್ಲಿ ಒಣ ಕಲ್ಲು ಎಂದು ಬರೆದದ್ದಕ್ಕೆ ಇದೂ ಒಂದು ಕಾರಣ. ನೀಲಿ ಟ್ಯಾಂಗ್ ಅಂಗಡಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟಿದ್ದರೂ ಒಂದಡಿಯವರೆಗೆ ಬೆಳೆಯುವ, ದಿನವಿಡೀ ಈಜುವ ಮೀನು. ಅನಿಮೋನ್‌ಗೆ ಪ್ರಖರ ಬೆಳಕೂ ಕನಿಷ್ಠ ಆರೇಳು ತಿಂಗಳು ಪಳಗಿದ ನೀರೂ ಬೇಕು. ಜಾಗ ಹಿಡಿಸದಿದ್ದರೆ ಅದು ಎದ್ದು ನಡೆಯುತ್ತದೆ, ನಡೆದು ಪಂಪಿಗೆ ಸಿಕ್ಕಿ ತಾನು ಸಾಯುವುದಲ್ಲದೆ ಇಡೀ ತೊಟ್ಟಿಯನ್ನು ಕೆಡಿಸುತ್ತದೆ.

ಅಂಗಡಿಗಳಲ್ಲಿ ನೀಮೋ ಎನ್ನುವ ಕ್ಲೌನ್ ಮೀನು ಮನೆಯ ತೊಟ್ಟಿಯಲ್ಲಿ ಅನಿಮೋನ್ ಇಲ್ಲದೆಯೂ ಹಾಯಾಗಿ ಬದುಕುತ್ತದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಮರಿ ಮಾಡಿಸಿ ಬೆಳೆಸುವ ವಿಧಾನವನ್ನು ರೂಪಿಸಿದೆ. ಹಾಗೆ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಮೀನನ್ನು ಕೇಳಿ ಪಡೆಯಿರಿ. ಅದಕ್ಕೆ ಒಣ ಆಹಾರ ತಿಂದು ಅಭ್ಯಾಸವಿರುತ್ತದೆ, ರೋಗವೂ ಕಡಿಮೆ. ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು ತನ್ನಿ. ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಗಂಡೇ. ಜೊತೆಯಲ್ಲಿ ಬಲಶಾಲಿಯಾದದ್ದು ಹೆಣ್ಣಾಗಿ ಬದಲಾಗುತ್ತದೆ. ಚಿಕ್ಕದು ದೊಡ್ಡದರ ಮುಂದೆ ಓರೆಯಾಗಿ ಮೈ ನಡುಗಿಸುವುದು ಕಂಡರೆ ಗಾಬರಿಯಾಗಬೇಡಿ, ಅದು ಶರಣಾಗತಿ. ಎರಡು ತಿಂಗಳ ನಂತರ ಬೇಕೆನಿಸಿದರೆ ಒಂದು ವಾಚ್‌ಮನ್ ಗೋಬಿಯನ್ನೂ ಒಂದು ಪಿಸ್ತೂಲು ಸಿಗಡಿಯನ್ನೂ ಸೇರಿಸಿ. ದೃಷ್ಟಿ ಮಂದವಾದ ಸಿಗಡಿ ಮರಳಿನಲ್ಲಿ ಬಿಲ ತೋಡುತ್ತ, ಮೀಸೆಯೊಂದನ್ನು ಸದಾ ಗೋಬಿಯ ಬಾಲಕ್ಕೆ ತಾಗಿಸಿಕೊಂಡಿರುತ್ತದೆ. ಗೋಬಿ ಬಾಲ ಅಲುಗಿಸಿದ ಕ್ಷಣ ಎರಡೂ ಬಿಲದೊಳಗೆ. ನೀಲಿ ಟ್ಯಾಂಗ್ ಮರೆಯಲು ನಿಮ್ಮ ಮಗನಿಗೆ ಇದು ಸಾಕೆಂದು ನನ್ನ ಅಂದಾಜು. 70 ಲೀಟರಿಗೆ ಮೂರು ಮೀನು ಮಿತಿ.

ತಂದ ಮೀನನ್ನು ತೊಟ್ಟಿಗೆ ಬಿಡುವ ಬಗ್ಗೆಯೂ ಹೇಳಬೇಕು. ಚೆನ್ನೈನಿಂದಲೋ ಬೆಂಗಳೂರಿನಿಂದಲೋ ಬಹಳ ಹೊತ್ತು ಚೀಲದಲ್ಲಿ ಬಂದ ಮೀನಾದರೆ, ಚೀಲದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಲ್ಲಿನ ಅಮೋನಿಯದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರಿ ವಿಷ ಎಚ್ಚರವಾಗುತ್ತದೆ. ಆದ್ದರಿಂದ ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಬಿಚ್ಚಿದ ಮೇಲೆ ಗಂಟೆಗಟ್ಟಲೆ ಹನಿ ಹನಿ ನೀರು ಸೇರಿಸುತ್ತ ಕೂರದೆ, ಉಪ್ಪಿನಂಶ ಹೊಂದುವಂತೆ ಮೊದಲೇ ಸಿದ್ಧಮಾಡಿಟ್ಟ ಬೇರೆ ತೊಟ್ಟಿಗೆ ಮೀನನ್ನಷ್ಟೇ ಎತ್ತಿ ಬಿಡಿ. ಮೂರು ನಾಲ್ಕು ವಾರ ಅಲ್ಲಿಯೇ ಇದ್ದು ಮೈಮೇಲೆ ಚುಕ್ಕೆ, ಲೋಳೆ ಕಾಣದಿದ್ದರೆ ದೊಡ್ಡ ತೊಟ್ಟಿಗೆ ಬರಲಿ. ಅಂಗಡಿಯ ನೀರು ಒಂದು ಲೋಟವೂ ನಿಮ್ಮ ತೊಟ್ಟಿಗೆ ಬೀಳಬಾರದು.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಮನೆಯ ತೊಟ್ಟಿಯ ನೀರು 31 ಡಿಗ್ರಿ ಮುಟ್ಟುತ್ತದೆ, ಕರೆಂಟೂ ಗಂಟೆಗಟ್ಟಲೆ ಇರುವುದಿಲ್ಲ. ನೀರು ತಂಪಾಗಿಸುವ ಚಿಲ್ಲರ್ ಕೊಳ್ಳಲೇಬೇಕೇ?
— ಕೃಷಿಕರು, ಮದ್ದೂರು ತಾಲ್ಲೂಕು

ಉತ್ತರ: ಬೇಕಿಲ್ಲ. ನೀರು 24ರಿಂದ 27 ಡಿಗ್ರಿಯಲ್ಲಿದ್ದರೆ ಉತ್ತಮ. ಗಾಜಿನ ಮುಚ್ಚಳ ತೆಗೆದು ಸಣ್ಣ ಬಲೆಯ ಮುಚ್ಚಳ ಹಾಕಿ (ಗೋಬಿಗಳು ಹಾರುತ್ತವೆ), ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ತಾಗುವಂತೆ ಒಂದು ಪುಟ್ಟ ಫ್ಯಾನ್ ಇಡಿ. ಮಡಕೆಯ ನೀರು ತಣ್ಣಗಾಗುವ ಲೆಕ್ಕವೇ ಇದು. ನಮ್ಮ ಕಡೆಯ ಏಪ್ರಿಲ್ ಗಾಳಿ ಒಣಗಾಳಿಯಾದ್ದರಿಂದ ಎರಡು ಮೂರು ಡಿಗ್ರಿ ಸಲೀಸಾಗಿ ಇಳಿಯುತ್ತದೆ. ಕರಾವಳಿಯವರಿಗೆ ಈ ಅನುಕೂಲ ಅಷ್ಟಾಗಿ ಇಲ್ಲ.

ಆದರೆ ಫ್ಯಾನ್ ಇಟ್ಟ ಮೇಲೆ ದಿನಕ್ಕೆ ಒಂದು ಲೀಟರ್ ನೀರು ಆವಿಯಾಗುತ್ತದೆ. ನಾನು ಎಡವಿದ್ದು ಇಲ್ಲಿಯೇ. ಮೊದಲ ಬೇಸಿಗೆಯಲ್ಲಿ, ಕಡಿಮೆಯಾದಷ್ಟು ನೀರನ್ನು ದಿನವೂ ಡ್ರಮ್ಮಿನ ಉಪ್ಪುನೀರಿನಿಂದಲೇ ತುಂಬಿಸುತ್ತಿದ್ದೆ. ಉಪ್ಪುನೀರಿನ ತೊಟ್ಟಿಗೆ ಉಪ್ಪುನೀರು ಎಂಬ ಸರಳ ತರ್ಕ. ಹನ್ನೆರಡನೆಯ ದಿನ ಬಸವನಹುಳುಗಳೆಲ್ಲ ಗಾಜು ಬಿಟ್ಟು ಮರಳಿನ ಮೇಲೆ ಬಾಯಿ ಮುಚ್ಚಿಕೊಂಡು ಬಿದ್ದಿದ್ದವು. ತೊಟ್ಟಿಯ ಅಂಚಿನಲ್ಲಿ ಬಿಳಿ ಹರಳು ಬೆರಳ ದಪ್ಪ ಬೆಳೆದದ್ದನ್ನು ಅಲಂಕಾರವೆಂಬಂತೆ ನೋಡುತ್ತಿದ್ದವನು ಆಗ ಅಳೆದರೆ ಸಾಪೇಕ್ಷ ಸಾಂದ್ರತೆ 1.031. ಆವಿಯಾಗುವುದು ನೀರು ಮಾತ್ರ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ನಾನು ದಿನವೂ 35 ಗ್ರಾಂ ಉಪ್ಪನ್ನು ಹೊಸದಾಗಿ ಸೇರಿಸುತ್ತಿದ್ದೆ. ಐದು ಬಸವನಹುಳುಗಳಲ್ಲಿ ಎರಡು ಉಳಿದವು. ಹಾಗೆಂದು ತುಂಬಿಸದೆ ಬಿಟ್ಟರೂ ಅದೇ ಕತೆ: 70 ಲೀಟರಿನಲ್ಲಿ ಏಳು ಲೀಟರ್ ಆರಿದರೆ ಉಪ್ಪಿನಂಶ ಸಾವಿರಕ್ಕೆ 35 ಇದ್ದದ್ದು 39 ಆಗುತ್ತದೆ. ಗಾಜಿನ ಹೊರಗೆ ಮಾರ್ಕರಿನಿಂದ ಗೆರೆ ಎಳೆದು, ಪ್ರತಿದಿನ ಬೆಳಿಗ್ಗೆ ಆ ಗೆರೆಯವರೆಗೆ ಉಪ್ಪಿಲ್ಲದ ಆರ್‌ಒ ನೀರನ್ನು ತುಂಬಿಸಿ. ವಾರಕ್ಕೊಮ್ಮೆ ಬದಲಿಸುವ ಹತ್ತನೇ ಒಂದು ಪಾಲು ನೀರಿಗೆ ಮಾತ್ರ ಉಪ್ಪು.

ಕರೆಂಟಿನ ವಿಚಾರಕ್ಕೆ ಬಂದರೆ, ಪಂಪು ನಿಂತಾಗ ಮೊದಲು ಕಾಡುವುದು ಆಮ್ಲಜನಕದ ಕೊರತೆ, ಏಕೆಂದರೆ ಬೆಚ್ಚಗಿನ ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿಯುತ್ತದೆ. ನಾಲ್ಕೈದು ವ್ಯಾಟಿನ ಗಾಳಿ ಪಂಪನ್ನು ಮನೆಯ ಇನ್ವರ್ಟರಿಗೆ ಸೇರಿಸಿಬಿಡಿ, ಇಲ್ಲವೇ ಬ್ಯಾಟರಿಯದು ಇಟ್ಟುಕೊಳ್ಳಿ. ಎರಡೂ ಇಲ್ಲದಿದ್ದರೆ ಚೊಂಬು ಇದೆ. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಕರಾವಳಿಯಿಂದ ಹವಳ ಜೀವಿಗಳನ್ನು ಲಂಡನ್ನಿನ ಮನೆಗೆ ತಂದು ಸಾಕಿದಾಗ ಪಂಪೂ ಇರಲಿಲ್ಲ, ಕರೆಂಟೂ ಇರಲಿಲ್ಲ. ತೆರೆದ ಕಿಟಕಿಯ ಮುಂದೆ ನಿಂತು ಮನೆಗೆಲಸದವಳು ದಿನವೂ ಅರ್ಧ ಮುಕ್ಕಾಲು ಗಂಟೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳಂತೆ. ನೀವು ಕಾಫಿ ಆರಿಸುವ ಹಾಗೆ ಒಂದು ಚೊಂಬು ನೀರನ್ನು ತೊಟ್ಟಿಯಿಂದ ತೆಗೆದು ಒಂದಡಿ ಎತ್ತರದಿಂದ ಮತ್ತೆ ಅದಕ್ಕೇ ಸುರಿಯಿರಿ, ಹತ್ತು ನಿಮಿಷಕ್ಕೊಮ್ಮೆ ಎಂಟು ಹತ್ತು ಸಲ. ಕರೆಂಟ್ ಬರುವವರೆಗೆ ಆಹಾರ ಹಾಕಬೇಡಿ.

ಪ್ರಶ್ನೆ: ತೊಟ್ಟಿ ಇಟ್ಟು ಐದು ವಾರವಾಗಿದೆ. ಮರಳು, ಕಲ್ಲು, ಗಾಜಿನ ಮೇಲೆಲ್ಲ ಕಾಫಿಪುಡಿ ಬಣ್ಣದ ಲೇಪ. ಎಲ್ಲವನ್ನೂ ತೆಗೆದು ತೊಳೆಯಬೇಕೇ?
— ವಿದ್ಯಾರ್ಥಿ, ಸರಸ್ವತೀಪುರಂ, ಮೈಸೂರು

ಉತ್ತರ: ತೊಳೆಯಬೇಡಿ, ಐದು ವಾರ ಬೆಳೆಸಿದ ಬ್ಯಾಕ್ಟೀರಿಯಾ ಅದರ ಜೊತೆಗೇ ಹೋಗುತ್ತದೆ. ಅದು ಡಯಾಟಮ್ ಎಂಬ ಪಾಚಿ. ಹೊಸ ತೊಟ್ಟಿಗಳಲ್ಲಿ ಬಹುತೇಕ ಎಲ್ಲರಿಗೂ ಬರುತ್ತದೆ, ನೀರಿನಲ್ಲಿನ ಸಿಲಿಕೇಟ್ ತೀರಿದಂತೆ ಎರಡು ಮೂರು ವಾರದಲ್ಲಿ ತಾನೇ ಹೋಗುತ್ತದೆ. ಹೋಗದಿದ್ದರೆ ಆರ್‌ಒ ನೀರಿನ ಟಿಡಿಎಸ್ ಮತ್ತೆ ನೋಡಿ, ರಾಳ ಸವೆದಿರಬಹುದು. ಅಮೋನಿಯ, ನೈಟ್ರೈಟ್ ಸೊನ್ನೆಯಾಗಿದ್ದರೆ ಈಗ ಎರಡು ಮೂರು ಬಸವನಹುಳುಗಳನ್ನು ಬಿಡುವ ಕಾಲ. ಅವು ರಾತ್ರಿ ಮೇಯ್ದ ದಾರಿ ಬೆಳಿಗ್ಗೆ ಕಂದು ಗಾಜಿನ ಮೇಲೆ ಸ್ವಚ್ಛವಾದ ಅಂಕುಡೊಂಕು ಗೆರೆಯಾಗಿ ಕಾಣುತ್ತದೆ. ಯಾವುದಾದರೂ ಅಂಗಾತ ಬಿದ್ದಿದ್ದರೆ ಕೈಯಿಂದ ಮಗುಚಿ ನಿಲ್ಲಿಸಿ. ಕೆಲವು ಜಾತಿಯವಕ್ಕೆ ತಾವಾಗಿ ಮಗುಚಿಕೊಳ್ಳಲು ಬರುವುದಿಲ್ಲ.